ಮುಚ್ಚಳದ ಮೇಲಿನ ದಾರ

ಮುಚ್ಚಳದ ಮೇಲೆ ನಾನಿಟ್ಟಿದ್ದ ದಾರ ಇವತ್ತೂ ನೆಲದ ಮೇಲೆ ಬಿದ್ದಿತ್ತು.

ಬೆಳಿಗ್ಗೆ ಕರೆಂಟಿನ ಪಾತ್ರೆಗೆ ತರಕಾರಿಯೆಲ್ಲ ತುಂಬಿ, ಸ್ವಿಚ್ ಹಾಕಿ, ಮುಚ್ಚಳದ ಹಿಡಿಯ ಮೇಲಿಂದ ಎರಡೂ ಕಡೆಗೆ ಇಳಿಯುವಂತೆ ಒಂದು ಗೇಣು ಬಿಳಿ ದಾರ ಹಾಕಿ ಬಂದಿದ್ದೆ. ಪುಸ್ತಕ ಹೊಲಿಯುವ ದಾರ, ಮೇಣ ಸವರಿದ್ದು, ಗಾಳಿಗೆ ಹಾರುವಂಥದ್ದಲ್ಲ. ಅಡಿಗೆಮನೆಯ ಕಿಟಕಿಯಂತೂ ಬಣ್ಣ ಹಚ್ಚಿದಾಗ ಅಂಟಿಕೊಂಡದ್ದು ಇನ್ನೂ ಬಿಟ್ಟಿಲ್ಲ. ಅಂದರೆ ಯಾರೋ ಮುಚ್ಚಳ ತೆಗೆದಿದ್ದಾರೆ. ಊಟದ ಹೊತ್ತಿಗೆ ಆಲೂಗಡ್ಡೆಗೆ ಚಮಚ ಚುಚ್ಚಿದೆ. ಆಲೂಗಡ್ಡೆ ಜಗ್ಗಲಿಲ್ಲ.

ಸೋಮವಾರ ಹೀಗೇ ಆಗಿತ್ತು, ಮಂಗಳವಾರವೂ. ಇವತ್ತು ಬುಧವಾರ.

"ಡಿಗ್ರಿ, ಇದನ್ನ ನನ್ನ ಮಿಷನ್ನಿಗೆ ಕೊಟ್ರೆ ಬ್ಲೇಡು ಮೊಂಡಾಗತ್ತೆ ಕಣಮ್ಮ," ಎಂದ ಕಟಿಂಗಣ್ಣ, ತಟ್ಟೆಯಲ್ಲಿ ಆಲೂಗಡ್ಡೆಯನ್ನು ಬೆರಳಿನಿಂದ ಉರುಳಿಸುತ್ತಾ. ಕಾಗದ ಕತ್ತರಿಸುವ ಯಂತ್ರ ಅವನದು. ಕಾಲೇಜು ಮುಗಿಸಿ ಬಂದವಳು ಅಂತ ನನ್ನ ಹೆಸರನ್ನು ಬಂದ ದಿನವೇ ಡಿಗ್ರಿ ಎಂದು ಬದಲಾಯಿಸಿಬಿಟ್ಟಿದ್ದ.

"ಬೇಯಿಸತ್ತೋ, ಇಲ್ಲಾ ಬಿಸಿನೀರಲ್ಲಿ ಸ್ನಾನ ಮಾಡಿಸಿ ಕಳಿಸತ್ತೋ, ನಿನ್ನ ಸೋಮಾರಿ ಪಾತ್ರೆ?" ಎಂದು ಚಿನ್ನಕ್ಕ ಕೇಳಿದಳು. ರಟ್ಟಿನ ಮೇಲೆ ಚಿನ್ನದ ಅಕ್ಷರ ಒತ್ತುವವಳಾದ್ದರಿಂದ ಅವಳು ಚಿನ್ನಕ್ಕ. ಮೈಮೇಲೆ ಮಾತ್ರ ಗುಲಗಂಜಿಯಷ್ಟೂ ಚಿನ್ನವಿಲ್ಲ.

ಇವರಿಗೆಲ್ಲ ಕೆಲಸ ಕಲಿಸಿದ ಮೇಸ್ತ್ರಿ ಏನೂ ತಮಾಷೆ ಮಾಡಲಿಲ್ಲ. ತಟ್ಟೆಯನ್ನು ಒಂದು ಅಂಗುಲ ಆಚೆ ಸರಿಸಿ, "ನಮ್ಮ ಹೊಟ್ಟೆ ಮೇಲೆ ಪ್ರಯೋಗ ಬೇಡ ಮಗಳೇ," ಎಂದರು. ಅವರ ಪಕ್ಕದಲ್ಲಿ ಅಂಟು ಕಲಸುವ ಗುಮ್ಮ ಕ್ಯಾರೆಟ್ಟಿನ ತುಂಡೊಂದನ್ನು ಎತ್ತಿ ಮೂಸಿದ, ತಿರುಗಿಸಿ ಇನ್ನೊಮ್ಮೆ ಮೂಸಿದ, ಇಟ್ಟುಬಿಟ್ಟ. ಬರೀ ಅನ್ನ ತಿಂದು ಎದ್ದ. ಗುಮ್ಮನೆಂಬ ಹೆಸರು ಅವನಿಗೆ ಬಂದದ್ದು ಮಾತಾಡದ್ದಕ್ಕೆ.

ನಿಮ್ಮಲ್ಲಿ ಯಾರು ಮುಚ್ಚಳ ತೆಗೆಯುತ್ತಿರುವುದು ಎಂಬ ಒಂದು ವಾಕ್ಯವನ್ನು ಬೆಳಿಗ್ಗೆಯಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. ಅದು ಆಲೂಗಡ್ಡೆಯ ಹಾಗೆಯೇ ಬೇಯದೆ ಒಳಗೇ ಉಳಿಯಿತು.

ಊಟವಾದ ಮೇಲೆ ಮಾವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಈ ಬೈಂಡಿಂಗ್ ಅಂಗಡಿ ಅವರದು. ನನ್ನ ಅಮ್ಮನ ಅಣ್ಣ. ಕೋಪದ ಮನುಷ್ಯರಲ್ಲ, ಆದರೆ ಹಸಿದ ಕೆಲಸಗಾರರೆಂದರೆ ಅವರಿಗೆ ಭಯ. "ಪುಟ್ಟೀ, ಶನಿವಾರದ ತನಕ ನೋಡ್ತೀನಿ. ಆಮೇಲೂ ಹೀಗೇ ಆದ್ರೆ ಸೋಮವಾರದಿಂದ ಹೋಟೆಲ್ ಕ್ಯಾರಿಯರ್ ತರಿಸ್ತೀನಿ. ನಿನ್ನನ್ನ ಅಮ್ಮನ ಹತ್ರ ಬಿಟ್ಟು ಬರ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರಾಗದೆ ಇರುತ್ತದೆಯೇ? ಅಮ್ಮನ ಹತ್ತಿರ ಹೋಗುವುದೆಂದರೆ ಮತ್ತೆ ಸಂದರ್ಶನಗಳಿಗೆ ಹೋಗುವುದು. ಎದುರಿಗೆ ಮೂರು ಜನ ಕೂತು ನಿಮ್ಮ ಬಗ್ಗೆ ಹೇಳಿ ಎನ್ನುತ್ತಾರೆ. ನನ್ನ ಬಗ್ಗೆ ಹೇಳುವಂಥದ್ದೆಲ್ಲ ಆ ಕ್ಷಣದಲ್ಲಿ ಆವಿಯಾಗಿಬಿಡುತ್ತದೆ. ಇಲ್ಲಿಗೆ ಬಂದದ್ದು ಒಂದು ತಿಂಗಳು ಇದ್ದು ಬಾ ಅಂತ. ಬಂದ ಮೇಲೆ ಹೊಲಿಗೆಯ ಚೌಕಟ್ಟು ನೋಡಿದೆ. ಕಿಟಕಿಯ ಪಕ್ಕ, ನೆಟ್ಟಗೆ ಬಿಗಿದ ಹುರಿಗಳು, ಎದುರಿಗೊಂದು ಗಿಡ್ಡ ಸ್ಟೂಲು. ಅಲ್ಲಿ ಕೂತು ಪುಸ್ತಕ ಹೊಲಿಯುತ್ತಿದ್ದ ಹೆಂಗಸು ಕಣ್ಣು ಸಾಲದೆ ಕೆಲಸ ಬಿಟ್ಟಿದ್ದಳು. ಮಡಚಿದ ಹಾಳೆಯ ಕಂತೆಯನ್ನು ಒಂದರ ಮೇಲೊಂದು ಇಟ್ಟು, ಬೆನ್ನಿನೊಳಗೆ ಸೂಜಿ ತೂರಿಸಿ, ಹುರಿಯನ್ನು ಸುತ್ತಿ ಹೊರಗೆ ತರಬೇಕು. ಅಲ್ಲಿ ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ. ಆ ಸ್ಟೂಲು ನನಗಾಗಿಯೇ ಖಾಲಿಯಾಗಿದೆ ಅನ್ನಿಸಿತ್ತು.

ಅಷ್ಟರಲ್ಲಿ ಅತ್ತೆಯ ಸೊಂಟ ಹಿಡಿಯಿತು. ಅಂಗಡಿಯ ಮಧ್ಯಾಹ್ನದ ಊಟ ಮೊದಲಿನಿಂದಲೂ ಅತ್ತೆಯದೇ. ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಅಡಿಗೆಮನೆ. ಈಗ ಅವರು ಅಡಿಗೆಮನೆಗೆ ಅಂಟಿದ ಕೋಣೆಯಲ್ಲಿ ಹಲಗೆಯ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿದ್ದಾರೆ. ಒಲೆಯ ಮುಂದೆ ಬೆಳಿಗ್ಗೆಯೆಲ್ಲ ನಿಲ್ಲುವವರು ಯಾರು ಎಂಬ ಮಾತು ಬಂದಾಗ ಎಲ್ಲರ ಕಣ್ಣೂ ನನ್ನ ಮೇಲೆ. ನಿಂತರೆ ಸ್ಟೂಲು ಹೋಯಿತು. ಆಗ ಅಟ್ಟದ ಮೇಲೆ ಪೆಟ್ಟಿಗೆಯನ್ನೂ ಬಿಚ್ಚದೆ ಬಿದ್ದಿದ್ದ ಕರೆಂಟಿನ ಪಾತ್ರೆ ನೆನಪಾಯಿತು. ಅತ್ತೆಯ ಮಗಳು ಯಾವತ್ತೋ ಕಳಿಸಿದ್ದು. ದಪ್ಪ ಪಿಂಗಾಣಿ, ಗಾಜಿನ ಮುಚ್ಚಳ. ಬೆಳಿಗ್ಗೆ ತುಂಬಿ ಸ್ವಿಚ್ ಹಾಕಿದರೆ ಮಧ್ಯಾಹ್ನಕ್ಕೆ ತನ್ನ ಪಾಡಿಗೆ ತಾನು ಬೇಯಿಸಿ ಇಡುತ್ತದೆ. ಕೈಯಾಡಿಸಬೇಕಾಗಿಲ್ಲ, ಕಾಯಬೇಕಾಗಿಲ್ಲ. ಅನ್ನ ಕೊನೆಗೆ ಕುಕ್ಕರಿನಲ್ಲಿ ಕೂಗಿಸಿದರಾಯಿತು. ಮಾವ ಒಪ್ಪಿದರು. "ಊಟ ಸರಿಯಾಗಿ ಆಗೋದಾದ್ರೆ ನೀನು ಹೊಲಿಗೆ ಕಲಿ. ನಂಗೇನು?"

ಊಟ ಮಾಡುವವರು ಯಾರೆಂದು ಆಗ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈ ಅಂಗಡಿಯವರು ಹೊಸದನ್ನು ತಿನ್ನುವವರಲ್ಲ. ಅತ್ತೆ ಇಷ್ಟು ವರ್ಷ ಹಾಕಿದ್ದು ಅನ್ನ, ಬೇಯಿಸಿದ ಆಲೂಗಡ್ಡೆ, ಬೇಯಿಸಿದ ತರಕಾರಿ, ಉಪ್ಪು, ಮೆಣಸಿನಪುಡಿ. ಎಲ್ಲವೂ ತಟ್ಟೆಯಲ್ಲಿ ಬೇರೆ ಬೇರೆ, ಒಂದಕ್ಕೊಂದು ತಗಲದಂತೆ. ಗಟ್ಟಿಯಾಗಿ, ಬೆಳ್ಳಗೆ, ಲೊಳಲೊಳ ಎನ್ನುವುದು ಯಾವುದೂ ಕೂಡದು. ಅದಕ್ಕೊಂದು ಕಾರಣವಿದೆ. ಮೇಸ್ತ್ರಿ ಹುಡುಗನಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ದಿನ ಹಸಿದು ಬಂದು, ಒಲೆಯ ಮೇಲಿದ್ದ ಅಂಟನ್ನು ಗಂಜಿಯೆಂದುಕೊಂಡು ಎರಡು ಸೌಟು ಕುಡಿದುಬಿಟ್ಟಿದ್ದರಂತೆ. ಬೈಂಡಿಂಗಿನ ಅಂಟೆಂದರೆ ಮೈದಾ ಹಿಟ್ಟು, ನೀರು, ಹುಳ ಬರದಿರಲೆಂದು ಮೈಲುತುತ್ತ. ಮೈಲುತುತ್ತ ವಿಷ. ವಾಂತಿಯಾಗಿ ಹೋದದ್ದಕ್ಕೆ ಉಳಿದರು. ಅವತ್ತಿನಿಂದ ಅವರಿಗೆ ಮುಚ್ಚಿದ ಪಾತ್ರೆಯ ಮೇಲೆ ನಂಬಿಕೆಯಿಲ್ಲ. ಅವರಿಂದ ಕೆಲಸ ಕಲಿತವರಿಗೂ ಇಲ್ಲ. ಕೆಲಸದ ಜೊತೆಗೇ ಭಯವನ್ನೂ ಕಲಿಸಿದ್ದರು.

ಅಂಥವರ ಮುಂದೆ ನಾನು ಸೋಮವಾರ ಬೇಳೆ ಹಾಕಿದ್ದೆ. ಅದು ಅರೆಬೆಂದು ಮುದ್ದೆ ಮುದ್ದೆಯಾಗಿ, ಮೇಲೆ ಕೆನೆ ಕಟ್ಟಿ ಬಂದಿತ್ತು. ಗುಮ್ಮ ಅದನ್ನು ನೋಡಿ, ಆಮೇಲೆ ತನ್ನ ಅಂಟಿನ ಬಕೀಟನ್ನು ನೋಡಿದ್ದ. ಅದೊಂದೇ ನೋಟ ಸಾಕಾಯಿತು, ಯಾರೂ ಮುಟ್ಟಲಿಲ್ಲ. ಮಂಗಳವಾರದಿಂದ ಬೇಳೆ ಬಿಟ್ಟೆ. ತರಕಾರಿ ಮಾತ್ರ. ಅದೂ ಬೇಯಲಿಲ್ಲ.

ಪೆಟ್ಟಿಗೆಯೊಳಗಿನ ಕಾಗದದಲ್ಲಿ ಮುಚ್ಚಳ ತೆಗೆಯಬೇಡಿ, ಒಂದು ಸಲ ತೆಗೆದರೆ ಅರ್ಧ ಗಂಟೆಯ ಬಿಸಿ ಹೋಗುತ್ತದೆ ಎಂದು ದಪ್ಪಕ್ಷರದಲ್ಲಿತ್ತು. ಅದನ್ನು ಓದಿದ ಮೇಲೆಯೇ ನಾನು ದಾರ ಇಟ್ಟದ್ದು.

ಗುರುವಾರ ಸೂಜಿಗಿಂತ ಹೆಚ್ಚಾಗಿ ಬಾಗಿಲನ್ನೇ ನೋಡುತ್ತಾ ಕೂತೆ. ಚೌಕಟ್ಟಿನಿಂದ ಅಡಿಗೆಮನೆ ಕಾಣುವುದಿಲ್ಲ, ಹೋಗುವವರು ಬರುವವರು ಕಾಣುತ್ತಾರೆ. ಕುಡಿಯುವ ನೀರು ಒಳಗಿರುವುದರಿಂದ ಎಲ್ಲರಿಗೂ ನೆಪ ಇತ್ತು. ಕಟಿಂಗಣ್ಣ ಹೋದ, ತುಟಿ ಒರೆಸಿಕೊಳ್ಳುತ್ತಾ ಬಂದ. ನೀರಿಗೋ, ಇನ್ನೇನಕ್ಕೋ? ಚಿನ್ನಕ್ಕ ಅಚ್ಚು ಕಾಯಿಸುವ ಒಲೆ ಬಿಟ್ಟು ಹೋದಳು. ಅಷ್ಟು ಹೊತ್ತು ಯಾರು ನೀರು ಕುಡಿಯುತ್ತಾರೆ? ಮೇಸ್ತ್ರಿ ಹೋಗಿ ಬಂದು ನನ್ನ ಕಡೆ ನೋಡದೆ ಕೂತರು. ನೋಡಿದ್ದರೂ ಅನುಮಾನ ಬರುತ್ತಿತ್ತು. ಗುಮ್ಮನಂತೂ ಹೋದದ್ದೂ ಗೊತ್ತಾಗಲಿಲ್ಲ, ಬಂದದ್ದೂ ಗೊತ್ತಾಗಲಿಲ್ಲ. ಒಬ್ಬೊಬ್ಬರು ಬಂದ ಮೇಲೂ ನಾನು ಎದ್ದು ಹೋಗಿ ಪರೀಕ್ಷೆ ಮಾಡುತ್ತಿದ್ದೆ. ಕೆಲವು ಸಲ ದಾರ ಇದ್ದಲ್ಲೇ ಇತ್ತು, ಆದರೆ ಸ್ವಲ್ಪ ಸೊಟ್ಟಗೆ ಕಂಡಿತು. ಗಾಜಿಗೆ ಹಬೆ ಕಟ್ಟಿ ಒಳಗೆ ಏನೂ ಕಾಣದು. ತಿರುಗಿ ಬಂದು ಕೂತಾಗ ಯಾವ ಕಂತೆ ಹೊಲಿಯುತ್ತಿದ್ದೆನೆಂದೇ ಮರೆತುಹೋಗಿರುತ್ತಿತ್ತು. ಅವತ್ತು ಎರಡು ಪುಸ್ತಕ ತಲೆಕೆಳಗಾಗಿ ಹೊಲಿದೆ. ಮೇಸ್ತ್ರಿ ಬಿಚ್ಚಿಸಿದರು.

ಆಲೂಗಡ್ಡೆ ಬೇಯಲಿಲ್ಲ.

"ಬೇಕು ಅಂತ್ಲೇ ಮಾಡ್ತಿದ್ದೀಯೇನೇ? ಕ್ಯಾರಿಯರ್ ಬಂದ್ರೆ ನಿಂಗೆ ಅಡಿಗೆ ಕೆಲಸ ತಪ್ಪತ್ತೆ ಅಂತ?" ಎಂದಳು ಚಿನ್ನಕ್ಕ. ನಾನು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ. ನನಗೆ ಅನುಮಾನವಿದ್ದಷ್ಟೇ ಅವರಿಗೂ ನನ್ನ ಮೇಲಿದೆಯೆಂದು ಆಗ ಗೊತ್ತಾಯಿತು.

ಶುಕ್ರವಾರ ಚೌಕಟ್ಟಿನ ಹತ್ತಿರ ಹೋಗಲೇ ಇಲ್ಲ. ಹೋದಂತೆ ಮಾಡಿ, ಹಿತ್ತಲಿಂದ ಸುತ್ತಿ ಬಂದು, ಅಡಿಗೆಮನೆಯ ಬಾಗಿಲ ಹಿಂದೆ ರಟ್ಟಿನ ಕಟ್ಟುಗಳ ನಡುವೆ ನಿಂತೆ. ಬಹಳ ಹೊತ್ತಾಗಲಿಲ್ಲ. ಗುಮ್ಮ ಬಂದ. ನೀರಿನ ಲೋಟಕ್ಕೆ ಕೈ ಹಾಕಿದವನು ಅತ್ತಿತ್ತ ನೋಡಿ ಮುಚ್ಚಳ ಎತ್ತಿದ. ದಾರ ಜಾರಿ ಬಿತ್ತು. ಮುಖವನ್ನು ಹಬೆಯೊಳಗೆ ಇಟ್ಟು ಉದ್ದಕ್ಕೆ ಉಸಿರೆಳೆದ.

"ಗುಮ್ಮಣ್ಣ," ಎಂದೆ. ಮೆಲ್ಲಗೆ ಅನ್ನಬೇಕೆಂದಿದ್ದೆ, ಕಿರುಚಿದ ಹಾಗಾಯಿತು.

ಮುಚ್ಚಳ ಅವನ ಕೈಯಿಂದ ಪಾತ್ರೆಯ ಮೇಲೆ ಟಣ್ಣೆಂದು ಬಿತ್ತು. ಯಂತ್ರದ ಸದ್ದು ನಿಂತು, ಮುಂದಿನಿಂದ ಎಲ್ಲರೂ ಬಂದರು.

"ನೀನಾ?" ಎಂದ ಕಟಿಂಗಣ್ಣ. "ಇಷ್ಟು ದಿನ ನಮ್ಮನ್ನ ಉಪವಾಸ ಕೆಡವಿದ್ದು ನೀನಾ?"

ಗುಮ್ಮ ನನ್ನನ್ನು ನೋಡಿದ, ನೆಲ ನೋಡಿದ. ಅವನ ದನಿ ಹೀಗಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಹೆಂಗರುಳಿನ, ಮೆತ್ತನೆಯ ದನಿ. "ನಾನು ದಿನಕ್ಕೆ ಒಂದೇ ಸಲ. ತುತ್ತದ ವಾಸನೆ ಬರತ್ತಾ ಅಂತ. ಸೌಟು ಅದಲು ಬದಲು ಆದ್ರೆ? ತುತ್ತ ಹಾಕೋನು ನಾನಲ್ವಾ." ಆಮೇಲೆ ಸ್ವಲ್ಪ ತಡೆದು, "ನಾನು ತೆಗೆಯೋಕೆ ಮುಂಚೆನೇ ಚಮಚ ಒದ್ದೆ ಇರತ್ತೆ. ಚಿನ್ನಕ್ಕನ್ನ ಕೇಳಿ."

"ಯಾಕೆ, ನಾನ್ಯಾಕೆ?" ಎಂದವಳ ಮುಖ ಕೆಂಪಾಯಿತು. "ಆಲೂಗಡ್ಡೆ ಕ್ಯಾರೆಟ್ ಒಂದಕ್ಕೊಂದು ತಗಲಿರತ್ತೆ, ದೂರ ಮಾಡಿ ಇಟ್ಟೆ. ಅದೂ ತಪ್ಪಾ? ಕಟಿಂಗಣ್ಣ ಏನು ಸಾಚಾನಾ? ಈರುಳ್ಳಿ ಹಾಕಿದ್ದಾಳೇನೋ ಅಂತ ತಳದವರೆಗೂ ಕೆದಕ್ತಾನೆ."

"ಈರುಳ್ಳಿ ಗುಟ್ಟಾಗಿ ಹಾಕ್ತಾರೆ. ಎಷ್ಟು ಮನೇಲಿ ನೋಡಿದ್ದೀನಿ," ಎಂದ ಕಟಿಂಗಣ್ಣ. ಅವನಿಗೆ ನಾಚಿಕೆಯೂ ಆದಂತಿರಲಿಲ್ಲ.

ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. "ನೋಡಿದೆ. ಬಿಳೀದು ಏನಾದ್ರೂ ಇದೆಯಾ ಅಂತ. ನೀರು ಕುಡಿಯೋಕೆ ಬಂದಾಗೆಲ್ಲ ನೋಡಿದೆ. ಅದಕ್ಕೇನೀಗ?"

ಆಗ ಪಕ್ಕದ ಕೋಣೆಯಿಂದ ಅತ್ತೆಯ ಧ್ವನಿ ಬಂತು. ಮಲಗಿದ್ದಲ್ಲಿಂದಲೇ. "ಅಷ್ಟೇನಾ? ಇನ್ನೊಬ್ಬಳದ್ದು ಹೇಳಲ್ವಾ?"

ಕಟಿಂಗಣ್ಣ ಕೋಣೆಯ ಬಾಗಿಲಿಗೆ ತಲೆ ಹಾಕಿದ.

"ಸೋಮವಾರದಿಂದ ಮಲಗಿ ಕೇಳ್ತಾ ಇದ್ದೀನಿ. ಗಾಜು ಟಣ್ಣಂದಾಗೆಲ್ಲ ಒಬ್ಬೊಬ್ಬರ ನಡಿಗೆ ಗೊತ್ತಾಗತ್ತೆ. ಎಲ್ಲಕ್ಕಿಂತ ಜಾಸ್ತಿ ಕೇಳಿದ್ದು ನಿನ್ನ ಚಪ್ಪಲಿ ಕಣೇ ಪುಟ್ಟಿ. ಪಟಪಟ ಅಂತ ಬರ್ತೀಯ, ಟಣ್, ಪಟಪಟ ಅಂತ ಹೋಗ್ತೀಯ. ಬೆಳಗ್ಗೆಯಿಂದ ಊಟದ ತನಕ ಇದೇ."

ನಾನು ಕಾಲಿನ ಕಡೆ ನೋಡಿಕೊಂಡೆ. ದಾರ ಸೊಟ್ಟಗೆ ಕಂಡಾಗ ಯಾರಾದರೂ ಏನಾದರೂ ಮಾಡಿದ್ದಾರೋ ಎಂದು ಒಳಗೆ ನೋಡುತ್ತಿದ್ದೆ. ದಾರ ಬಿದ್ದಿದ್ದರೆ ಬಿಸಿ ಎಷ್ಟು ಉಳಿದಿದೆಯೆಂದು ನೋಡುತ್ತಿದ್ದೆ. ದಾರ ನೆಟ್ಟಗಿದ್ದರೆ, ತೆಗೆದು ಮತ್ತೆ ನೆಟ್ಟಗೆ ಇಟ್ಟಿರಬಹುದಲ್ಲವೇ ಎಂದು ನೋಡುತ್ತಿದ್ದೆ. ನೋಡುವುದಕ್ಕೆ ಮುಚ್ಚಳ ತೆಗೆಯಲೇಬೇಕಿತ್ತು. ಹಾಗೆ ತೆಗೆದದ್ದನ್ನು ನಾನು ತೆಗೆದದ್ದೆಂದು ಎಣಿಸಿಯೇ ಇರಲಿಲ್ಲ.

ಮೊದಲು ನಕ್ಕದ್ದು ಕಟಿಂಗಣ್ಣ. "ಕಳ್ಳನ್ನ ಹಿಡಿಯೋಕೆ ಡಿಗ್ರಿನೇ ದಿನಾ ಬೀಗ ಒಡೀತಿದ್ಲು!"

"ಮೊದಲೇ ಹೇಳಬಾರದಿತ್ತಾ ಅತ್ತೆ?" ಎಂದೆ. ಅಳು ಬರುವಂತಿತ್ತು.

"ನನ್ನನ್ನ ಯಾರು ಕೇಳಿದ್ರು? ಅಡಿಗೆ ಅವಳದ್ದು, ನೀನು ಬಾಯಿ ಹಾಕಬೇಡ ಅಂತ ನಿಮ್ಮ ಮಾವ ಹೇಳಿ ಹೋದ್ರು. ನಾನು ಹಾಕಲಿಲ್ಲ." ಅತ್ತೆಯ ದನಿಯಲ್ಲಿ ಒಂದು ಚಿಟಿಕೆ ಸಂತೋಷವೂ ಇತ್ತೆಂದು ನನ್ನ ಅನುಮಾನ. ತಾನಿಲ್ಲದೆ ಅಡಿಗೆಮನೆ ನಡೆಯುತ್ತಿಲ್ಲವಲ್ಲ ಎಂಬ ಸಂತೋಷ.

ಅವತ್ತೂ ಆಲೂಗಡ್ಡೆ ಬೇಯಲಿಲ್ಲ. ಉಳಿದದ್ದು ಶನಿವಾರ ಒಂದೇ.

ಶನಿವಾರ ಬೆಳಿಗ್ಗೆ ನಾನು ಪಾತ್ರೆಯನ್ನು ಎತ್ತಿಕೊಂಡು ಹೋಗಿ ಮುಂದಿನ ಅಂಗಡಿಯ ದೊಡ್ಡ ಮೇಜಿನ ಮಧ್ಯೆ ಇಟ್ಟೆ. ಮೂಗಿನ ಮೇಲೆ ಬೆವರು ಬಂದಿತ್ತು. ಎಲ್ಲರೂ ಕೆಲಸ ಬಿಟ್ಟು ನೋಡಿದರು. ಹಿಂದಿನ ದಿನದಿಂದ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದ ಮಾತು ಅರ್ಧ ಮರೆತಿತ್ತು, ಉಳಿದರ್ಧವನ್ನು ಹೇಳಿದೆ. "ನಾನು ಏನೂ ಹಾಕಲ್ಲ. ನೀವೇ ಹಾಕಿ. ಎಲ್ಲರೆದುರಿಗೆ. ಆಮೇಲೆ ಮುಚ್ಚಿ ಕಣಕದಿಂದ ಮೆತ್ತೋಣ. ಊಟದ ತನಕ ಯಾರೂ ಬಿಚ್ಚೋ ಹಾಗಿಲ್ಲ. ನಾನೂ."

"ಕಣಕ ಯಾವ ಹಿಟ್ಟಿಂದು?" ಎಂದು ತಕ್ಷಣ ಕೇಳಿದ್ದು ಗುಮ್ಮ.

"ಗೋಧಿ."

"ಮೈದಾ ಬೇಡ. ನಾನೇ ಕಲಸ್ತೀನಿ. ಕೈ ತೊಳೆದು." ಸಾಬೂನು ಹಾಕಿ ಮೊಣಕೈವರೆಗೂ ತೊಳೆದು ಬಂದ. ಕೈ ಎತ್ತಿ ಎಲ್ಲರಿಗೂ ತೋರಿಸಿದ.

ಮೇಸ್ತ್ರಿ ಆಲೂಗಡ್ಡೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಒಳಗಿಟ್ಟರು. ಕಟಿಂಗಣ್ಣ ಕ್ಯಾರೆಟ್ ಕತ್ತರಿಸಿದ. ಅಳತೆಪಟ್ಟಿ ಇಟ್ಟಂತೆ ಎಲ್ಲವೂ ಒಂದೇ ಉದ್ದ, ಒಂದು ಕೂದಲೂ ಹೆಚ್ಚುಕಡಿಮೆಯಿಲ್ಲ. ಚಿನ್ನಕ್ಕ ಹುರುಳಿಕಾಯಿಯನ್ನು ಬಿಳಿ ನೂಲಿನಿಂದ ಕಂತೆ ಕಟ್ಟಿ, ಆಲೂಗಡ್ಡೆಗೆ ತಗಲದಂತೆ ಎಲೆಕೋಸಿನ ಎಲೆಯನ್ನು ನಡುವೆ ಗೋಡೆಯಾಗಿ ನಿಲ್ಲಿಸಿದಳು. ಗುಮ್ಮ ನೀರು ಮೂಸಿ ಹಾಕಿದ, ಉಪ್ಪು ನೆಕ್ಕಿ ಹಾಕಿದ. ಮುಚ್ಚಳ ಮುಚ್ಚಿ, ಕಣಕದ ಹುರಿಯನ್ನು ಅಂಚಿನ ಸುತ್ತ ಒತ್ತಿ, ಹಬೆ ಹೋಗಲು ಬೆರಳಷ್ಟು ಜಾಗ ಬಿಟ್ಟ.

"ಇದನ್ನ ಕಿತ್ತು ಮತ್ತೆ ಮೆತ್ತಿದ್ರೆ ಏನು ಮಾಡೋದು?" ಎಂದರು ಮೇಸ್ತ್ರಿ.

ಚಿನ್ನಕ್ಕ ಎದ್ದುಹೋಗಿ ತನ್ನ ಹಿತ್ತಾಳೆಯ ಅಚ್ಚೊಂದನ್ನು ತೊಳೆದು ತಂದು ಕಣಕದ ಮೇಲೆ ಒತ್ತಿದಳು. ಹೂವಿನ ಅಚ್ಚು, ಪುಸ್ತಕದ ಮೂಲೆಗೆ ಹಾಕುವಂಥದ್ದು. ಅದು ಎಲ್ಲರಿಗೂ ಹಿಡಿಸಿತು. ಮೇಸ್ತ್ರಿ ಹಾಳೆ ಮಡಚುವ ಮೂಳೆಯ ಕಡ್ಡಿಯಿಂದ ಮೂರು ಗೀರು ಹಾಕಿದರು. ಕಟಿಂಗಣ್ಣ ತನ್ನ ಅಳತೆಪಟ್ಟಿಯ ತುದಿ ಒತ್ತಿದ. ಗುಮ್ಮ ಹೊಸ ಕುಂಚದ ಕೂದಲಿನಿಂದ ಚುಕ್ಕಿ ಚುಕ್ಕಿ ಮಾಡಿದ. ನನ್ನ ಸರದಿ ಬಂದಾಗ ನನಗೆ ಉಪಕರಣವೆಂಬುದು ಇರಲಿಲ್ಲ. ಹೆಬ್ಬೆರಳು ಒತ್ತಿ, ಸ್ವಿಚ್ ಹಾಕಿದೆ.

ಆಮೇಲೆ ಎಲ್ಲರೂ ಕೆಲಸಕ್ಕೆ ಕೂತರು, ಅಂದರೆ ಎಲ್ಲರೂ ಪಾತ್ರೆ ಕಾಣುವ ಹಾಗೆ ಕೂತರು. ಮೇಸ್ತ್ರಿ ಕಟಿಂಗಣ್ಣನನ್ನು ನೋಡುತ್ತಿದ್ದರು, ಕಟಿಂಗಣ್ಣ ಚಿನ್ನಕ್ಕನನ್ನು. ಯಾರಾದರೂ ಮೇಜಿನ ಹತ್ತಿರ ಸುಳಿದರೆ ಉಳಿದವರು ಕೆಮ್ಮುತ್ತಿದ್ದರು. ನನಗೆ ಏಳಬೇಕೆಂದು ಕಾಲು ತುರಿಸಿತು. ಬಿಸಿ ಏರಿದೆಯೋ ಇಲ್ಲವೋ, ನೀರು ಸಾಲದೆ ತಳ ಹಿಡಿದರೆ? ಎದ್ದರೆ ಎಂಟು ಕಣ್ಣು. ಬೇರೆ ದಾರಿಯಿಲ್ಲದೆ ಹೊಲಿದೆ. ಸೂಜಿ ಒಳಗೆ, ಹುರಿಯ ಸುತ್ತ, ಹೊರಗೆ. ಹಾಗೇ ಹೊಲಿಯುತ್ತಾ ಹೋದಂತೆ ಪಾತ್ರೆ ಮರೆತೇಹೋಯಿತು. ಮಾವ ಬಂದು ತಟ್ಟೆ ಇಡಲಿಲ್ಲವೇ ಎಂದಾಗ ಬೆಚ್ಚಿಬಿದ್ದೆ. ಓಡಿಹೋಗಿ ಕುಕ್ಕರ್ ಇಟ್ಟೆ. ಮೇಜಿನ ಮೇಲೆ ಹೊಲಿದ ಪುಸ್ತಕಗಳು ಒಂದರ ಮೇಲೊಂದು ನಿಂತಿದ್ದವು. ಒಂದೂ ತಲೆಕೆಳಗಾಗಿರಲಿಲ್ಲ.

ಅನ್ನವಾದ ಮೇಲೆ ಮೇಸ್ತ್ರಿ ಕನ್ನಡಕ ಏರಿಸಿಕೊಂಡು ಕಣಕವನ್ನು ಸುತ್ತಲೂ ಪರೀಕ್ಷಿಸಿದರು. ಹೂವು, ಗೀರು, ಅಳತೆ, ಚುಕ್ಕಿ, ಹೆಬ್ಬೆರಳು. ಒಣಗಿ ಕಂದಾಗಿದ್ದ ಕಣಕ ಕಡ್ಡಿಯ ತುದಿಗೆ ಚಟ್ಟೆಂದು ಒಡೆಯಿತು. ಮುಚ್ಚಳ ಎತ್ತಿದಾಗ ಹಬೆ ಸೂರಿನ ತನಕ ಹೋಯಿತು. ಮೇಸ್ತ್ರಿ ಆಲೂಗಡ್ಡೆಗೆ ಚಮಚ ತಾಗಿಸಿದರು. ಅದು ಎರಡಾಯಿತು.

ಕಟಿಂಗಣ್ಣ ತನ್ನ ಕ್ಯಾರೆಟ್ಟುಗಳನ್ನು ಗುರುತು ಹಿಡಿದು ಬಡಿಸಿಕೊಂಡ. ಚಿನ್ನಕ್ಕ ನೂಲು ಬಿಚ್ಚಿ ಎಣಿಸಿದಳು. ಗುಮ್ಮ ಮೂಸಿದ, ಒಂದೇ ಸಲ. ತಿಂದ. ಎರಡನೇ ಸಲ ಬಡಿಸಿಕೊಂಡ.

ಮಾವ ಬಾಗಿಲಲ್ಲೇ ನಿಂತಿದ್ದರು. "ಹೇಗಿದೆ ಮೇಸ್ತ್ರಿ?"

ಮೇಸ್ತ್ರಿ ನಿಧಾನವಾಗಿ ಅಗಿದು ನುಂಗಿದರು. "ಹಾಕಿದ್ದೇ ಇದೆ. ಬೇರೆ ಏನೂ ಇಲ್ಲ."

"ಮತ್ತೆ ಸೋಮವಾರಕ್ಕೆ ಕ್ಯಾರಿಯರ್..."

"ಹೋಟೆಲ್ನೋರು ಏನೇನು ಹಾಕ್ತಾರೋ ಯಾರು ಕಂಡ್ರು?" ಎಂದಳು ಚಿನ್ನಕ್ಕ. "ಇದೇ ಇರಲಿ."

"ಮಂಗಳವಾರ?" ಎಂದೆ ನಾನು. ಕುಂಬಳಕಾಯಿ ಹಾಕಬಹುದೇ ಎಂದು ಕೇಳುವ ಆಸೆಯಿತ್ತು.

"ಇದೇ," ಎಂದರು ನಾಲ್ವರೂ.

ಒಳಗಿನಿಂದ ಅತ್ತೆ ಕೂಗಿದರು: "ನಂಗೂ ಒಂದು ತಟ್ಟೆ ತಾರೇ. ಉಪ್ಪು ಕಮ್ಮಿಯಾಗಿರತ್ತೆ, ನಂಗೊತ್ತು." ಉಪ್ಪು ಸರಿಯಾಗಿತ್ತು. ಅತ್ತೆ ಅದನ್ನು ಹೇಳಲಿಲ್ಲ. ತಟ್ಟೆ ಮಾತ್ರ ಖಾಲಿಯಾಗಿ ಬಂತು.

ಸೋಮವಾರ ಮತ್ತೆ ಮೇಜಿನ ಸುತ್ತ ಸೇರಿದೆವು. ಹೂವು, ಗೀರು, ಅಳತೆ, ಚುಕ್ಕಿ. ನಾನು ಹೆಬ್ಬೆರಳು ಚಾಚಿದಾಗ ಮೇಸ್ತ್ರಿ ತಡೆದರು.

"ಹೆಬ್ಬೆರಳು ಯಾರಿಗಿಲ್ಲ? ಅದು ಗುರುತಲ್ಲ. ನಿನ್ನ ಕೆಲಸದ್ದು ಏನಿದೆ ಅದನ್ನ ತಾ."

ಚೌಕಟ್ಟಿನ ಹತ್ತಿರ ಹೋಗಿ ಸೂಜಿ ತಂದೆ. ತೊಳೆದು, ಕಣಕದ ಮೇಲೆ ಅಡ್ಡ ಇಟ್ಟು ಒತ್ತಿದೆ. ಸಣ್ಣ ಗೆರೆ, ತುದಿಯಲ್ಲಿ ಸೂಜಿಯ ಕಣ್ಣು. ಎತ್ತಿಕೊಂಡು ಸ್ಟೂಲಿನ ಕಡೆ ಹೊರಟೆ.

"ಏಯ್, ನಿಲ್ಲು," ಎಂದರು ಮೇಸ್ತ್ರಿ. "ಸೂಜಿ ಎಲ್ಲಿ? ಪಾತ್ರೆಗೆ ಬಿದ್ದಿಲ್ಲ ತಾನೇ? ಕೈ ಬಿಚ್ಚು. ತೋರಿಸು ಎಲ್ಲರಿಗೂ."

ಬಿಚ್ಚಿ ತೋರಿಸಿದೆ. ನಾಲ್ವರೂ ಬಗ್ಗಿ ನೋಡಿದರು.